ಗುಲಾಬಿ ಯಾಕೂತ

ರಾಣೆಬೆನ್ನೂರು
ತಾ. 12-11-1990

ಮಗಳು ಜೈತೂನಬಿಗೆ ತಂದೆ ಯೂಸುಫಸಾಬನ ಸಲಾಮು ಮುಟ್ಟಲಿ.

ನಾನು ಕ್ಷೇಮ. ನೀನು, ಅಳಿಯ ಮಹಮ್ಮದಗೌಸ, ಮೊಮ್ಮಗಳು ಮುಮ್ತಾಜ, ಬೀಗಿತ್ತಿ ಅಕ್ಬರಬಿಯವರು ಎಲ್ಲರೂ ಕ್ಷೇಮವೆಂದು ತಿಳಿದಿದ್ದೇನೆ. ತಿಳಿದಿದ್ದೇನೆ ಎಂದರೆ ಯಾರೋ ಹೇಳಿದರು ಎಂದಲ್ಲ, ಪತ್ರದಲ್ಲಿ ಹಾಗೆ ಬರೆಯುವುದು ರೂಢಿ. ಐದು ವರ್ಷವಾಗುತ್ತ ಬಂತು, ನಿನ್ನ ಮನೆಯ ಸುದ್ದಿ ನನಗೆ ಯಾರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಮುಮ್ತಾಜ ಈಗ ಸಾಲಿಗೆ ಹೋಗುತ್ತಿರಬೇಕು. ನಾನು ನೋಡಿದಾಗ ಗೋಡೆ ಹಿಡಿದು ನಡೆಯುತ್ತಿದ್ದಳು.

ಅಂಗಡಿ ನಡೆದಿದೆ. ಉಂಗುರಕ್ಕೆ ಹರಳು ಕೂರಿಸಲು ಮೊದಲಿನಂತೆ ಕೈ ನಿಲ್ಲುತ್ತದೆ, ಕಣ್ಣು ನಿಲ್ಲುವುದಿಲ್ಲ. ಭೂತಗನ್ನಡಿ ಇಲ್ಲದೆ ಫಿರೋಜಾ ಹರಳು ಯಾವುದು, ಬಟಾಣಿ ಕಾಳು ಯಾವುದು ಗೊತ್ತಾಗದ ಹಾಗಾಗಿದೆ. ಬೆಳಿಗ್ಗೆ ಚಹಾ ನಾನೇ ಮಾಡಿಕೊಳ್ಳುತ್ತೇನೆ. ನಿನ್ನ ಅಮ್ಮ ಇದ್ದಿದ್ದರೆ ಅದನ್ನು ಕುಡಿದು ಏನು ಅನ್ನುತ್ತಿದ್ದಳೋ ನಿನಗೆ ಗೊತ್ತಿದೆ.

ಈ ಪತ್ರವನ್ನು ಮೂರು ಸಲ ಶುರು ಮಾಡಿ ಮೂರು ಸಲ ಹರಿದಿದ್ದೇನೆ. ವಿಷಯ ಇಷ್ಟೇ. ಮದುವೆಯಲ್ಲಿ ಕೊಟ್ಟ ಆ ಗುಲಾಬಿ ಹರಳಿನ ಉಂಗುರ ಇನ್ನೂ ನಿನ್ನ ಹತ್ತಿರ ಇದೆಯೇ? ಇದ್ದರೆ ನಂಬಿಗಸ್ತರ ಕೈಯಲ್ಲಿ ಕೊಟ್ಟು ಕಳಿಸು. ಎರಡು ದಿನ ಇಟ್ಟುಕೊಂಡು ತಿರುಗಿ ಕಳಿಸುತ್ತೇನೆ. ಬೇರೆ ಏನೂ ಇಲ್ಲ.

ಇಂತಿ,
ಯೂಸುಫಸಾಬ


ಬ್ಯಾಡಗಿ
ತಾ. 3-12-1990

ಅಬ್ಬಾ ಅವರಿಗೆ ಸಲಾಮು.

ನಿಮ್ಮ ಪತ್ರ ಬಂತು. ಅಂಚೆಯವ ಯಾರದೋ ಪತ್ರವನ್ನು ತಪ್ಪಿ ಕೊಟ್ಟಿದ್ದಾನೆ ಅಂದುಕೊಂಡೆ. ಆಮೇಲೆ ಅಕ್ಷರ ನೋಡಿದೆ.

ನಾವು ಕ್ಷೇಮ. ಮುಮ್ತಾಜ ಒಂದನೆಯ ಇಯತ್ತೆ. ಉಂಗುರ ಇದೆ, ಕಳಿಸುವುದಿಲ್ಲ. ಯಾಕೆ ಬೇಕು ಅನ್ನುವುದನ್ನು ಮೊದಲು ಬರೆಯಿರಿ.

ಪತ್ರ ಓದುತ್ತಿದ್ದಾಗ ಅತ್ತೆಯವರು ಬಂದು, "ಏನಂತ ನಿಮ್ಮಪ್ಪಂದು?" ಅಂತ ಕೇಳಿದರು. ಉಂಗುರ ಕೇಳಿದ್ದಾರೆ ಅಂದೆ. "ಇನ್ನೂ ಏನರ ಉಳದೈತೇನು ಮಾರೂದು?" ಅಂದು ಒಳಗೆ ಹೋದರು. ಈ ಮನೆಯಲ್ಲಿ ಇದು ಹೊಸ ಮಾತಲ್ಲ. ನಿಮಗೆ ಗೊತ್ತಿರಲಿ ಅಂತ ಬರೆದೆ.

ಜೈತೂನಬಿ, ಮಹಮ್ಮದಗೌಸರ ಮನೆ


ರಾಣೆಬೆನ್ನೂರು
ತಾ. 21-12-1990

ಬೇಟಿ ಜೈತೂನಾ,

ನೀನು ಕೇಳಿದ್ದು ಸರಿ. ಮೊದಲ ಪತ್ರದಲ್ಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಈಗ ಮೊದಲಿನಿಂದ ಹೇಳುತ್ತೇನೆ.

ದೀಪಾವಳಿಗೆ ಹಾವೇರಿಯ ಶೇಖಪ್ಪ ಎನ್ನುವವರು ಅಂಗಡಿಗೆ ಬಂದಿದ್ದರು. ಧಾರವಾಡದ ಕಾಲೇಜೊಂದರಲ್ಲಿ ಕಲ್ಲು ಮಣ್ಣಿನ ಶಾಸ್ತ್ರ ಕಲಿಸುವ ಮಾಸ್ತರರು. ಅವರ ಮಾವನ ಮನೆ ನಮ್ಮೂರು. ಹೆಂಡತಿಯ ಪದಕಕ್ಕೆ ಒಂದು ಹರಳು ಕೂರಿಸಬೇಕಾಗಿತ್ತು. ಪೊಟ್ಟಣ ಬಿಚ್ಚಿ ಇಟ್ಟರು. ತಿಳಿ ಗುಲಾಬಿ, ಅಂಚಿಗೆ ಬಂದಂತೆ ಸ್ವಲ್ಪ ನೇರಳೆ. ನಿನ್ನ ಉಂಗುರದ ಹರಳಿಗೂ ಮೊದಲು ಇದೇ ಬಣ್ಣ ಇತ್ತು.

ಅವರು, "ಸಾಹೇಬ್ರ, ಕೆಲಸ ಮಾಡೂ ಮುಂದ ಇದನ್ನ ಬಿಸಲಾಗ ಇಡಬ್ಯಾಡ್ರಿ. ಬಣ್ಣ ಹೋಗ್ತೈತಿ" ಅಂದರು.

ನಾನು ನಕ್ಕೆ. "ಬಣ್ಣ ಹೋದ್ರ ಅದು ಹರಳಲ್ಲರಿ ಮಾಸ್ತರ, ಕಾಜು. ನಿಮಗ ಯಾರೋ ಟೋಪಿ ಹಾಕ್ಯಾರ."

"ಕಾಜಲ್ಲರಿ. ಖರೇ ಹರಳ. ಇದರ ಸ್ವಭಾವನ ಹಂಗೈತಿ."

ನಾನು ನಾಲಿಗೆಗೆ ಹಚ್ಚಿ ನೋಡಿದೆ. ತಣ್ಣಗಿತ್ತು, ಗಾಜಿನ ಹಾಗೆ ಬೆಚ್ಚಗಿರಲಿಲ್ಲ. ಗಾಜಿನ ಚೂರಿನ ಮೇಲೆ ಎಳೆದೆ, ಗೆರೆ ಬಿತ್ತು. ಖರೇ ಹರಳೇ. ಆಗ ಮಾಸ್ತರರು ಸ್ಟೂಲ್ ಎಳೆದುಕೊಂಡು ಕೂತು ನನಗೆ ಪಾಠ ಹೇಳಿದರು. ನಲವತ್ತು ವರ್ಷ ಹರಳು ಕೂರಿಸಿದವನು ನಾನು, ಒಂದನೆಯ ಇಯತ್ತೆಯ ಹುಡುಗನ ಹಾಗೆ ಕೇಳಿದೆ.

ಇದರ ಹೆಸರು ಕುಂಜೈಟ್ ಅಂತೆ. ನೆಲದ ಆಳದಲ್ಲಿ ಕರಗಿದ ಕಲ್ಲು ತಣಿಯುವಾಗ ಮೊದಲು ಬಹುಪಾಲು ಗಟ್ಟಿಯಾಗುತ್ತದೆ. ಕಡೆಗೆ ಉಳಿದ ರಸ ಬಿರುಕುಗಳಲ್ಲಿ ಹೊಕ್ಕು, ಬಲು ನಿಧಾನಕ್ಕೆ ಆರಿ, ಉದ್ದುದ್ದ ಹರಳು ಕಟ್ಟುತ್ತದೆ. ಅದರಲ್ಲಿ ಲಿಥಿಯಂ ಎನ್ನುವ ಹಗುರ ಲೋಹ ಸೇರಿರುತ್ತದೆ. ಮ್ಯಾಂಗನೀಸ್ ಒಂದು ಚಿಟಿಕೆಯಷ್ಟು ಬೆರೆತರೆ ಗುಲಾಬಿ ಬಣ್ಣ. ಅಮೆರಿಕದಲ್ಲಿ ಈ ಶತಮಾನದ ಮೊದಲಿಗೆ ಗುರುತು ಹಿಡಿದರಂತೆ. ಈಗ ಹೆಚ್ಚಾಗಿ ಕಾಬೂಲಿನ ಆಚೆಯ ಬೆಟ್ಟಗಳಿಂದ ಬರುತ್ತದಂತೆ. ತುದಿಯಿಂದ ನೋಡಿದರೆ ಬಣ್ಣ ಗಾಢ, ಮಗ್ಗುಲಿನಿಂದ ನೋಡಿದರೆ ಹೆಚ್ಚುಕಡಿಮೆ ನೀರು. ಒಂದು ಕಡೆಯಿಂದ ಪೆಟ್ಟು ಬಿದ್ದರೆ ಸೌದೆಯ ಹಾಗೆ ಸೀಳುತ್ತದೆ. ಬಿಸಿಲಿನಲ್ಲಿ ಇಟ್ಟರೆ ದಿನ ಕಳೆದಂತೆ ಬಣ್ಣ ಬಿಡುತ್ತದೆ. ತಿಳಿದವರು ಅದನ್ನು ಸಂಜೆ ಹೊತ್ತು ಮಾತ್ರ ಹಾಕಿಕೊಳ್ಳುತ್ತಾರಂತೆ.

ಅಷ್ಟು ಕೇಳಿಯೂ ನನಗೆ ನಂಬಿಕೆ ಬರಲಿಲ್ಲ. ಮಾಸ್ತರರ ಚೀಲದಲ್ಲಿ ಅದೇ ಕಲ್ಲಿನ ಕಚ್ಚಾ ಚೂರುಗಳಿದ್ದವು. ಎರಡು ಬೇಡಿ ಇಟ್ಟುಕೊಂಡೆ. ಒಂದನ್ನು ಕಡ್ಡಿಪೆಟ್ಟಿಗೆಯಲ್ಲಿ ಹಾಕಿ ಕಪಾಟಿನಲ್ಲಿಟ್ಟೆ, ಇನ್ನೊಂದನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟೆ. ಇಪ್ಪತ್ತೆರಡನೆಯ ದಿನ ಎರಡನ್ನೂ ಬಿಳಿ ಕಾಗದದ ಮೇಲೆ ಹಾಕಿ ನೋಡಿದೆ. ಕಡ್ಡಿಪೆಟ್ಟಿಗೆಯದು ಗುಲಾಬಿಯಾಗಿಯೇ ಇತ್ತು. ಮಾಳಿಗೆಯದು ಬಿಳಿಚಿಕೊಂಡಿತ್ತು. ಅವತ್ತೇ ನಿನಗೆ ಮೊದಲ ಪತ್ರ ಬರೆದೆ.

ನಿನ್ನ ಉಂಗುರದ ಹರಳು ನಾನು ಹೈದರಾಬಾದಿನಲ್ಲಿ ಒಬ್ಬ ಪಠಾಣನಿಂದ ಕೊಂಡದ್ದು. ಲಡಾಯಿ ಶುರುವಾದ ಮೇಲೆ ಕಾಬೂಲಿನ ಕಡೆಯಿಂದ ಓಡಿ ಬಂದವನು. ಅವನು ಯಾಕೂತ ಅಂತ ಹೇಳಿ ಕೊಟ್ಟ. ಯಾಕೂತ ಎಂದರೆ ಮಾಣಿಕ್ಯ, ಸಾವಿರ ವರ್ಷ ಬಿಸಿಲಿಗಿಟ್ಟರೂ ಅದಕ್ಕೆ ಏನೂ ಆಗುವುದಿಲ್ಲ. ಅವನ ಮಾತಿನಿಂದ ಇಷ್ಟೆಲ್ಲ ಆಯಿತು. ನಿನ್ನ ತಪ್ಪಿಲ್ಲ ಅನ್ನುವುದು ನನಗೆ ಈಗ ತಿಳಿಯಿತು, ಅದನ್ನು ಹೇಳಲು ಬರೆದೆ. ದೊಡ್ಡ ಊರುಗಳಲ್ಲಿ ಯಂತ್ರದ ಕಿರಣ ಹಾಯಿಸಿ ಬಣ್ಣ ತಿರುಗಿ ತರಿಸುತ್ತಾರಂತೆ. ಉಂಗುರ ಕಳಿಸಿದರೆ ವಿಚಾರಿಸುತ್ತೇನೆ.

ಇಂತಿ,
ನಿನ್ನ ತಂದೆ ಯೂಸುಫಸಾಬ


ಬ್ಯಾಡಗಿ
ತಾ. 14-1-1991

ಅಬ್ಬಾ ಅವರಿಗೆ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಸುಗ್ಗಿ ಶುರುವಾಗಿದೆ. ಅಂಗಳದ ತುಂಬ ಮೆಣಸಿನಕಾಯಿ ಹರವಿದ್ದೇವೆ, ನಲವತ್ತು ಹೆಂಗಸರು ತೊಟ್ಟು ಬಿಡಿಸಲು ಕೂತಿದ್ದಾರೆ. ಬರೆಯಲು ಹೊತ್ತು ಸಿಗಲಿಲ್ಲ ಅಂತ ಬರೆಯಬಹುದಿತ್ತು. ಖರೇ ಅಂದರೆ ಸಿಟ್ಟು ಇಳಿಯಲಿ ಅಂತ ಕಾದೆ, ಇಳಿಯಲಿಲ್ಲ.

ಬಣ್ಣ ಹೇಗೆ ಹೋಯಿತು ಅಂತ ನೀವು ಅವತ್ತು ಕೇಳಲಿಲ್ಲ, ಇವತ್ತೂ ಕೇಳಿಲ್ಲ. ನಾನೇ ಹೇಳುತ್ತೇನೆ. ಉಂಗುರದ ಕೆಳಗೆ ಖಾರ ಕೂತರೆ ಬೆರಳು ಸುಟ್ಟ ಹಾಗೆ ಉರಿಯುತ್ತದೆ. ಅದಕ್ಕೇ ಇಲ್ಲಿ ಕಾಯಿಗೆ ಕೈ ಹಚ್ಚುವ ಮೊದಲು ಹೆಂಗಸರೆಲ್ಲ ಉಂಗುರ ತೆಗೆದಿಡುತ್ತಾರೆ. ನಾನು ಅಂಗಳದ ಗಿಡ್ಡ ಗೋಡೆಯ ಮೇಲೆ, ಎಲ್ಲರ ಕಣ್ಣೆದುರು ಇರಲಿ ಅಂತ ಇಡುತ್ತಿದ್ದೆ. ಬೆಳಿಗ್ಗೆಯಿಂದ ಸಂಜೆಯವರೆಗೆ, ಮೂರು ಸುಗ್ಗಿ. ಈ ಊರಿನಲ್ಲಿ ಕಾಯಿಗೆ ಬಿಸಿಲು ಬಿದ್ದರೆ ಬಣ್ಣ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಬಿಸಿಲು ಬಣ್ಣ ತಿನ್ನುತ್ತದೆ ಅಂತ ನನಗೆ ಯಾರು ಹೇಳಬೇಕಿತ್ತು?

ಎಂಬತ್ತಾರರ ಮಾರ್ಚಿನಲ್ಲಿ ನೀವು ಬಂದದ್ದು ಸೋಮವಾರ, ಸಂತೆಯ ದಿನ. ಅಂಗಳದಲ್ಲಿ ಹೀಗೇ ಹೆಂಗಸರು ಕೂತಿದ್ದರು. ಅತ್ತೆಯವರು ನಿಮಗೆ ನೀರು ಕೊಟ್ಟು, "ಬೀಗರ, ನಿಮ್ಮ ಯಾಕೂತ ಬೆಳ್ಳಗಾಗೈತಲ್ರಿ. ಕಾಜಿಂದು ಕೊಟ್ಟೀರೇನು?" ಅಂದರು. ಅವರು ಅರ್ಧ ಚೇಷ್ಟೆಗೆ ಅಂದದ್ದು. ನಿಮ್ಮ ಮುಖ ಕೆಂಪಾಯಿತು. ನೀವು ಅಂದ ಮಾತು ನನಗೆ ಬಾಯಿಪಾಠ ಇದೆ: "ನಾ ಕೊಟ್ಟಿದ್ದು ಖರೇ ಹರಳ. ಖರೇ ಹರಳ ಬಣ್ಣ ಬಿಡೂದಿಲ್ಲ. ಎಲ್ಲಿ ಮಾರಿ ಕಾಜು ಹಾಕಿಸ್ಯಾಳ ಅಂತ ನಿಮ್ಮ ಸೊಸಿನ್ನ ಕೇಳ್ರಿ."

ನಿಮ್ಮ ಸೊಸೆ ಅಂದಿರಿ. ನನ್ನ ಮಗಳು ಅನ್ನಲಿಲ್ಲ.

ನಾನು ಉಂಗುರ ಹಿಡಿದುಕೊಂಡು ನಿಮ್ಮ ಹಿಂದೆ ಬಾಗಿಲತನಕ ಬಂದೆ. "ಅಬ್ಬಾ, ಒಮ್ಮೆ ಕೈಯಾಗ ತಗೊಂಡು ನೋಡ್ರಿ" ಅಂದೆ. ನೀವು ಕೈ ಚಾಚಲಿಲ್ಲ. ದಾರಿಯಲ್ಲಿ ಹೋಗುವವನು ಹರಳು ತಂದರೂ ನಾಲಿಗೆಗೆ ಹಚ್ಚಿ ನೋಡುವವರು ನೀವು. ಕೈಗೆ ತೆಗೆದುಕೊಂಡಿದ್ದರೆ ಒಂದು ಗಳಿಗೆಯಲ್ಲಿ ತಿಳಿಯುತ್ತಿತ್ತು. ಹರಳಿನ ಕೆಳಗೆ ನೀವೇ ಮುಚ್ಚಿದ ತಗಡು ಇದೆ, ಅದರ ಮೇಲೆ ನೀವೇ ಸೂಜಿಯಿಂದ ಕೊರೆದ ಮೂರು ಚುಕ್ಕಿ. ಹರಳು ಬಿಚ್ಚಲು ಆ ತಗಡು ಕೀಳಲೇಬೇಕು, ಕಿತ್ತಿದ್ದರೆ ಆ ಚುಕ್ಕಿ ಉಳಿಯುತ್ತಿರಲಿಲ್ಲ. ಅವು ಇನ್ನೂ ಹಾಗೇ ಇವೆ. ಕಲ್ಲಿನ ಚೂರಿಗೆ ಇಪ್ಪತ್ತೆರಡು ದಿನ ಕೊಟ್ಟಿರಿ. ನನಗೆ ಗಳಿಗೆಯೂ ಸಿಗಲಿಲ್ಲ.

ಮುಂದೆ ಏನಾಯಿತು ಅಂತ ನಿಮಗೆ ಗೊತ್ತಿಲ್ಲ. ಅವತ್ತು ಸಂಜೆಯೇ ಅತ್ತೆಯವರು ಕಪಾಟಿನ ಕೀಲಿಕೈ ನನ್ನ ಸೆರಗಿನಿಂದ ಬಿಚ್ಚಿಕೊಂಡರು. ಮನೆಯಲ್ಲಿ ಚಮಚ ಕಾಣದಿದ್ದರೆ ಮೊದಲು ನನ್ನ ಮುಖ ನೋಡುತ್ತಾರೆ. ಇವರು, ನಿಮ್ಮ ಅಳಿಯ, ಅವತ್ತು ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಹೋಗಲಿ, ನಾನು ತಡೆದುಕೊಂಡೆ. ಹೋದ ತಿಂಗಳು ಮುಮ್ತಾಜ ಪಕ್ಕದ ಹುಡುಗಿಯ ಬಳಪ ತಂದಿದ್ದಳು. ಆರು ವರ್ಷದ ಕೂಸು. ಅತ್ತೆಯವರು, "ತಾಯಿ ಬುದ್ಧಿ, ಎಲ್ಲಿ ಹೋಗ್ತೈತಿ" ಅಂದರು. ಅದನ್ನು ತಡೆದುಕೊಳ್ಳಲು ನನಗೆ ಆಗುತ್ತಿಲ್ಲ, ಅಬ್ಬಾ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಾನು ಹೆಗ್ಗಣಕ್ಕಿಂತ ಕಡೆಯಾಗಿದ್ದೆನೇ? ಕುಂಜೈಟ್ ಅನ್ನುವ ಕಲ್ಲಿನ ಗುಣವನ್ನೆಲ್ಲ ಎರಡು ಪುಟ ಬರೆದಿದ್ದೀರಿ. ಅದನ್ನು ತಿಳಿಯಲು ನಿಮಗೆ ಧಾರವಾಡದ ಮಾಸ್ತರರು ಬೇಕಾಯಿತು, ಒಪ್ಪಿದೆ. ನನ್ನ ಗುಣ ಹೇಳಲು ಯಾವ ಮಾಸ್ತರರು ಬರಬೇಕಿತ್ತು? ಹತ್ತೊಂಬತ್ತು ವರ್ಷ ನಿಮ್ಮ ಮನೆಯಲ್ಲಿ ಬೆಳೆದವಳು ನಾನು. ನಿಮ್ಮ ಅಂಗಡಿಯ ನೆಲ ಗುಡಿಸಿ, ಕಸದಲ್ಲಿ ಸಾಸಿವೆಯಷ್ಟು ಹರಳು ಸಿಕ್ಕರೂ ತಂದು ನಿಮ್ಮ ಅಂಗೈಯಲ್ಲಿ ಇಟ್ಟವಳು.

ಬಣ್ಣ ತರಿಸುವುದು ಬೇಡ. ಉಂಗುರ ಕಳಿಸುವುದಿಲ್ಲ.

ಇನ್ನೊಂದು ಮಾತು. ತೀರಿಕೊಳ್ಳುವ ಮೊದಲು ಅಮ್ಮ ಮೂರು ವಾರ ಮಲಗಿದ್ದರಂತೆ. ರಾಣೆಬೆನ್ನೂರಿಂದ ಬ್ಯಾಡಗಿ ಒಂದು ತಾಸಿನ ದಾರಿ. ಅವರು ತೀರಿಕೊಂಡ ಸುದ್ದಿ ನನಗೆ ಮಣ್ಣಾದ ಮಾರನೆಯ ದಿನ ಬಸ್ ನಿಲ್ದಾಣದಲ್ಲಿ, ಮೋಟೆಬೆನ್ನೂರಿನ ಒಬ್ಬರ ಬಾಯಿಂದ ತಿಳಿಯಿತು. ನಾನು ಮೂರನೆಯ ದಿನದ ಜಿಯಾರತ್ತಿಗೆ ಬಂದು ಹೆಂಗಸರ ನಡುವೆ ಕೂತು ತಿರುಗಿ ಬಂದೆ. ನೀವು ಹೊರಗೆ ಕಟ್ಟೆಯ ಮೇಲೆ ಕೂತಿದ್ದಿರಿ, ತಲೆ ಎತ್ತಲಿಲ್ಲ. ಅಮ್ಮ ನನ್ನನ್ನು ಕೇಳಿದರೇ ಇಲ್ಲವೇ? ಇದೊಂದು ಬರೆಯಿರಿ. ಹರಳಿನ ವಿಷಯ ಇನ್ನು ಬರೆಯಬೇಡಿರಿ.

ಜೈತೂನಬಿ


ರಾಣೆಬೆನ್ನೂರು
ತಾ. 10-2-1991

ಬೇಟಿ ಜೈತೂನಾ,

ಹರಳಿನ ವಿಷಯ ಬರೆಯಬೇಡ ಅಂದಿದ್ದೀ. ಒಂದೇ ಒಂದು ಸಲ ಬರೆಯುತ್ತೇನೆ. ಅದನ್ನು ಬಿಟ್ಟು ಮುಂದಿನದನ್ನು ಹೇಳಲು ನನಗೆ ದಾರಿ ಇಲ್ಲ.

ಪಠಾಣನು ಯಾಕೂತ ಅಂದ ಅಂತ ಬರೆದಿದ್ದೆ. ಅದು ಸುಳ್ಳು. ಅವನು ಪಾಪ, "ಹೆಸರು ಗೊತ್ತಿಲ್ಲ, ನಮ್ಮ ಬೆಟ್ಟದಲ್ಲಿ ಸಿಗುವ ಗುಲಾಬಿ ಕಲ್ಲು" ಅಂದಿದ್ದ. ಯಾಕೂತ ಅಂತ ಹೆಸರಿಟ್ಟವನು ನಾನು. ಕೈಯಲ್ಲಿ ಹಿಡಿದಾಗಲೇ ಹಗುರ ಅನಿಸಿತ್ತು. ಯಾಕೂತ ಅಂಗೈಯಲ್ಲಿ ಭಾರವಾಗಿ ಕೂರುತ್ತದೆ. ಕೂರಿಸುವಾಗ ಅಂಚಿನಲ್ಲಿ ಒಂದು ಪದರ ಸೀಳಿ ಬಂತು. ಯಾಕೂತ ಹಾಗೆ ಸೀಳುವುದಿಲ್ಲ. ಸೀಳಿದ್ದನ್ನು ಯಾರಿಗೂ ಹೇಳದೆ, ಆ ಅಂಚು ಕಾಣದ ಹಾಗೆ ಚಿನ್ನದ ತುದಿ ಮಡಚಿ ಕೂರಿಸಿದೆ. ನಿನ್ನ ನಿಕಾಹದ ದಿನ ಜನರ ನಡುವೆ ನಿಂತು, "ನನ್ನ ಮಗಳಿಗೆ ಗುಲಾಬಿ ಯಾಕೂತ ಕೊಟ್ಟೇನಿ" ಅಂದೆ. ಊರ ಸಾಹುಕಾರರ ಬೆರಳಿಗೆ ಯಾಕೂತ ಕೂರಿಸಿ ಕೂರಿಸಿ, ನನ್ನ ಮಗಳ ಬೆರಳಿನಲ್ಲಿಯೂ ಒಂದು ಇರಲಿ ಅನ್ನುವ ಆಸೆ ಇತ್ತು. ಅದು ಯಾಕೂತ ಅಲ್ಲದಿದ್ದರೆ ನೀನು ಅದನ್ನು ಬೇಡ ಅನ್ನುತ್ತಿದ್ದೆಯಾ? ಅಷ್ಟು ಬುದ್ಧಿ ನನಗೆ ಇರಲಿಲ್ಲ.

ಅವತ್ತು ನಿನ್ನ ಅತ್ತೆ ಕೇಳಿದಾಗ ನನ್ನ ಮುಂದೆ ಎರಡು ಮಾತಿದ್ದವು. ಯೂಸುಫಸಾಬನಿಗೆ ಹರಳು ಗೊತ್ತಾಗುವುದಿಲ್ಲ ಅನ್ನಬೇಕಿತ್ತು, ಇಲ್ಲವೇ ಯೂಸುಫಸಾಬನ ಮಗಳು ಕಳ್ಳಿ ಅನ್ನಬೇಕಿತ್ತು. ನನ್ನ ಕಣ್ಣು ತಪ್ಪಿತು ಅನ್ನುವುದಕ್ಕಿಂತ ಮಗಳನ್ನು ಕಳ್ಳಿ ಅನ್ನುವುದು ನನಗೆ ಸುಲಭವಾಯಿತು. ಉಂಗುರ ಕೈಗೆ ತೆಗೆದುಕೊಳ್ಳಲಿಲ್ಲ ಅಂದೆಯಲ್ಲ, ಬೇಕೆಂತಲೇ ತೆಗೆದುಕೊಳ್ಳಲಿಲ್ಲ. ಆ ಮೂರು ಚುಕ್ಕಿ ಇದ್ದೇ ಇರುತ್ತವೆ ಅಂತ ನನಗೆ ಒಳಗೊಳಗೇ ಗೊತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಗಿರಾಕಿಗಳಿಗೆಲ್ಲ ಹೇಳಿಕೊಂಡು ಬಂದವನು ನಾನು.

ಈಗ ನಿನ್ನ ಅಮ್ಮನ ವಿಷಯ.

ಕೇಳಿದಳು. ಮಲಗಿದ ಎರಡನೆಯ ದಿನದಿಂದ ಕೇಳಿದಳು. ಬಾಗಿಲು ಸಪ್ಪಳವಾದರೆ, "ಜೈತೂನಾ ಬಂದ್ಲೇನು?" ಅನ್ನುತ್ತಿದ್ದಳು. ನಾನು ನಿನಗೆ ಹೇಳಿ ಕಳಿಸಲಿಲ್ಲ. ನೀನು ಬಂದರೆ ಅವಳು ನಿನ್ನ ಬೆರಳು ಹಿಡಿಯುತ್ತಾಳೆ, ಉಂಗುರ ನೋಡುತ್ತಾಳೆ, ನನಗೆ ತೋರಿಸುತ್ತಾಳೆ, ನಾನು ನೋಡಬೇಕಾಗುತ್ತದೆ. ಇವತ್ತು ಹೇಳಿ ಕಳಿಸುತ್ತೇನೆ, ನಾಳೆ ಹೇಳಿ ಕಳಿಸುತ್ತೇನೆ ಅನ್ನುತ್ತ ದಿನ ಕಳೆದೆ. ಅವಳು ಹಟ ಹಿಡಿದಾಗ, "ಹೇಳಿ ಕಳಸೇನಿ. ಬರೂದಿಲ್ಲ ಅಂದಾಳಂತ" ಅಂದೆ. ಒಂದು ಸಲ ಅಲ್ಲ, ಮೂರು ಸಲ ಅಂದೆ.

ಮೂರನೆಯ ಸಲ ಅವಳು, "ಬಿಡ್ರಿ, ಅಕೀಗೆ ಸುಗ್ಗಿ ಕೆಲಸ ಇರಬೇಕು" ಅಂದಳು. ಅದು ಆಗಸ್ಟ್ ತಿಂಗಳು. ಬ್ಯಾಡಗಿಯಲ್ಲಿ ಆಗ ಸುಗ್ಗಿ ಇರುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಮೇಲೆ ಕೇಳಲಿಲ್ಲ. ಎರಡು ದಿನಕ್ಕೆ ಹೋದಳು.

ಮಗಳು ಕರೆದರೂ ಬರಲಿಲ್ಲ ಅಂದುಕೊಂಡೇ ಅವಳು ಹೋದಳು, ಜೈತೂನಾ. ಇದನ್ನು ಬರೆಯದೆ ಇದ್ದಿದ್ದರೆ ನೀನು ಎಂದಿಗೂ ತಿಳಿಯುತ್ತಿರಲಿಲ್ಲ. ಬರೆಯಬಾರದು ಅಂತ ಎರಡು ದಿನ ಕೂತೆ. ಇನ್ನೂ ಮುಚ್ಚಿಡುವುದು ಸಾಕು ಅನಿಸಿ ಬರೆದೆ. ಮಾಫ್ ಮಾಡು ಅಂತ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ನಿನ್ನ ತಂದೆ


ರಾಣೆಬೆನ್ನೂರು
ತಾ. 6-3-1991

ಬೇಟಿ,

ನಿನ್ನಿಂದ ಪತ್ರ ಬರಲಿಲ್ಲ. ಬರಲಿ ಅಂತ ಕೇಳುವ ಹಕ್ಕು ಇಲ್ಲ. ದಿನಾ ಹನ್ನೊಂದಕ್ಕೆ ಅಂಚೆಯ ತಿರಕಪ್ಪ ಅಂಗಡಿ ಮುಂದೆ ಸೈಕಲ್ ನಿಲ್ಲಿಸದೆ, "ಇಲ್ರಿ ಸಾಹೇಬ್ರ" ಅಂತ ಹೇಳಿ ಹೋಗುತ್ತಾನೆ. ಕೇಳುವ ಮೊದಲೇ ಹೇಳುತ್ತಾನೆ.

ಬರುವ ಸೋಮವಾರ ನಾನು ಬ್ಯಾಡಗಿಗೆ ಬರುತ್ತೇನೆ. ನಿನ್ನನ್ನು ಕಾಣಲು ಅಲ್ಲ. ನೀನು ಒಳಗೇ ಇರು, ಹೊರಗೆ ಬರಬೇಕಾಗಿಲ್ಲ, ನೀರೂ ಕೊಡಬೇಕಾಗಿಲ್ಲ. ಆ ಮಾತನ್ನು ನಾನು ಅಂಗಳದಲ್ಲಿ, ಸಂತೆಯ ದಿನ, ಹೆಂಗಸರ ಮುಂದೆ ಆಡಿದ್ದೆ. ಪತ್ರದಲ್ಲಿ ಬರೆದರೆ ಅದು ನಿನಗೊಬ್ಬಳಿಗೆ ತಿಳಿದ ಹಾಗಾಯಿತು. ಅಲ್ಲಿಯೇ ನಿಂತು ತಿರುಗಿ ಹೇಳಬೇಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಅಂತ ನೀನು ಅನ್ನಬಹುದು. ಅನ್ನು. ಮುಮ್ತಾಜಳ ಬಳಪದ ಮಾತು ಓದಿದ ಮೇಲೆ ಇದನ್ನು ಇನ್ನೂ ಮುಂದೆ ಹಾಕಲಾರೆ.

ಬರಬೇಡ ಅನ್ನುವುದಿದ್ದರೆ ಕಾರ್ಡು ಹಾಕು. ಕಾರ್ಡು ಬರದಿದ್ದರೆ ಬರುತ್ತೇನೆ.

ಯೂಸುಫಸಾಬ


ಬ್ಯಾಡಗಿ
ತಾ. 16-3-1991

ಅಬ್ಬಾ,

ಕಾರ್ಡು ಹಾಕಲಿಲ್ಲ. ಬನ್ನಿ ಅಂತಲೂ ಬರೆಯಲಿಲ್ಲ. ಸೋಮವಾರ ಬೆಳಿಗ್ಗೆಯಿಂದ ಅಡುಗೆಮನೆಯ ಬಾಗಿಲ ಹಿಂದೆಯೇ ಇದ್ದೆ.

ನೀವು ಬಂದು ಅಂಗಳದ ನಡುವೆ ನಿಂತದ್ದು ಕಂಡಿತು. ಸಪೂರ ಆಗಿದ್ದೀರಿ. ಮೆಣಸಿನಕಾಯಿಯ ಘಾಟಿಗೆ ಕೆಮ್ಮು ಬಂದು ಮೊದಲ ಮಾತು ಅರ್ಧಕ್ಕೆ ನಿಂತಿತು. ಒಬ್ಬ ಹೆಂಗಸು ನಕ್ಕಳು. ಆಮೇಲೆ ನೀವು ಅಂದದ್ದು ಎಲ್ಲರಿಗೂ ಕೇಳಿಸಿತು: "ಐದು ವರ್ಷದ ಹಿಂದ ನಾ ಇಲ್ಲಿ ನಿಂತು ನನ್ನ ಮಗಳನ್ನ ಕಳ್ಳಿ ಅಂದಿದ್ದೆ. ಹರಳ ಖರೇ ಇತ್ತು, ನನ್ನ ಮಗಳು ಖರೇ ಇದ್ಲು. ನನಗ ಹರಳ ಗೊತ್ತಾಗಲಿಲ್ಲ. ತಪ್ಪು ನಂದು." ನಲವತ್ತು ಜನರ ಕೈ ನಿಂತವು. ನಿಮಗೆ ಹರಳು ಗೊತ್ತಾಗಲಿಲ್ಲ ಅಂತ ನಿಮ್ಮ ಬಾಯಲ್ಲಿ ಕೇಳುತ್ತೇನೆ ಅಂತ ನಾನು ಎಂದೂ ಅಂದುಕೊಂಡಿರಲಿಲ್ಲ.

ಅತ್ತೆಯವರು, "ಬೀಗರ, ನೆರಳಿಗೆ ಬರ್ರಿ, ಕುಂದ್ರಿ" ಅಂದರು. ನೀವು ಕೂರದೆ ಹೋದಿರಿ. ನಾನು ಹೊರಗೆ ಬರಲಿಲ್ಲ. ನೀವು ಬೀದಿಯ ತಿರುವಿನಲ್ಲಿ ಒಮ್ಮೆ ನಿಂತಿರಿ, ಅದನ್ನೂ ನೋಡಿದೆ.

ಅವತ್ತು ಸಂಜೆ ಮುಮ್ತಾಜಳ ಪಾಟಿ ಕಾಣಲಿಲ್ಲ. ಅತ್ತೆಯವರು ನನ್ನ ಮುಖ ನೋಡಲಿಲ್ಲ. ತಾವೇ ಬಗ್ಗಿ ಮಂಚದ ಕೆಳಗೆ ಹುಡುಕಿದರು. ನಿಮ್ಮ ಅಳಿಯ ಊಟಕ್ಕೆ ಕೂತಾಗ, "ನಾನರ ಅವತ್ತು ಬಾಯಿ ಬಿಡಬೇಕಾಗಿತ್ತು" ಅಂದರು. ನಾನು ಹೌದು ಅಂದೆ. ಇಷ್ಟು ವರ್ಷದಲ್ಲಿ ಅವರಿಗೆ ಅದನ್ನು ಹೇಳಿದ್ದು ಅದೇ ಮೊದಲು.

ನನಗೆ ನೀವು ಮಾಡಿದ್ದನ್ನು ನಾನು ಮಾಫ್ ಮಾಡಿದ್ದೇನೆ. ಬರೆಯುವಾಗಲೂ ಸಿಟ್ಟು ಇದೆ, ಆದರೂ ಮಾಡಿದ್ದೇನೆ. ಅಮ್ಮನಿಗೆ ಮಾಡಿದ್ದನ್ನು ಮಾಫ್ ಮಾಡಲು ನನಗೆ ಆಗುವುದಿಲ್ಲ. ಆ ಮಾಫಿ ನನ್ನ ಹತ್ತಿರ ಇಲ್ಲ, ಅಮ್ಮನ ಹತ್ತಿರ ಇತ್ತು. ನಿಮ್ಮ ಫೆಬ್ರುವರಿಯ ಪತ್ರ ಓದಿದ ಮೇಲೆ ದಿನಾ ಒಂದೇ ಯೋಚನೆ: ನಾನು ಬರುವುದಿಲ್ಲ ಅಂದವಳಲ್ಲ ಅಂತ ಅಮ್ಮನಿಗೆ ಯಾರು ಹೇಳಬೇಕು? ಹೆಂಗಸರನ್ನು ಖಬರಸ್ತಾನದ ಒಳಗೆ ಬಿಡುವ ಪದ್ಧತಿ ನಮ್ಮಲ್ಲಿ ಇಲ್ಲ. ನನಗೆ ಅಮ್ಮನ ಗೋರಿ ಯಾವ ಮೂಲೆಯಲ್ಲಿದೆ ಅನ್ನುವುದೂ ಗೊತ್ತಿಲ್ಲ.

ಬರುವ ಶುಕ್ರವಾರ ನಾನು ರಾಣೆಬೆನ್ನೂರಿಗೆ ಬರುತ್ತೇನೆ. ರಂಜಾನಿನ ರೋಜಾ ಶುರುವಾಗಿರುತ್ತದೆ. ಜುಮ್ಮಾ ನಮಾಜು ಮುಗಿಸಿ ನೀವು ಖಬರಸ್ತಾನಕ್ಕೆ ಹೋಗಿರಿ. ನಾನು ಗೋಡೆಯ ಹೊರಗೆ ನಿಂತಿರುತ್ತೇನೆ. ನೀವು ಅಮ್ಮನ ಹತ್ತಿರ ನಿಂತು, ನಮ್ಮ ಅಂಗಳದಲ್ಲಿ ಹೇಳಿದಷ್ಟೇ ಗಟ್ಟಿಯಾಗಿ ಹೇಳಿರಿ. "ಜೈತೂನಾ ಬರೂದಿಲ್ಲ ಅನ್ನಲಿಲ್ಲ. ನಾ ಅಕೀನ್ನ ಕರೀಲೇ ಇಲ್ಲ." ಇಷ್ಟು ಸಾಕು. ಜನ ಇದ್ದರೂ ಇರಲಿ. ನಡುವೆ ಕೆಮ್ಮು ಬಂದರೆ ಮೊದಲಿನಿಂದ ಹೇಳಿರಿ.

ಗೋಡೆಯ ಈಚೆ ನನಗೆ ಕೇಳಿಸಿದರೆ ಅಮ್ಮನಿಗೂ ಕೇಳಿಸಿದೆ ಅಂದುಕೊಳ್ಳುತ್ತೇನೆ. ಆಮೇಲೆ ನಿಮ್ಮ ಜೊತೆ ಮನೆಗೆ ಬರುತ್ತೇನೋ, ಹಾಗೇ ಬಸ್ಸು ಹತ್ತುತ್ತೇನೋ, ಈಗಲೇ ಹೇಳಲಾರೆ.

ಜೈತೂನಾ